ಬಾಗಿಲು ತೆಗೆದ ಗಾಡಿ

ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯ ಬದಿಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಒಂದು ವರ್ಕ್‌ಶಾಪಿದೆ. ಮೂರು ದಿನದ ಕೆಲಸವೆಂದು ಹೋದವಳು ಅಲ್ಲಿ ಹದಿನೈದು ದಿನ ಉಳಿದೆ.

ಲಾರಿಯಿಂದ ಇಳಿಸಿ ಮೇಲಿನ ಬಟ್ಟೆ ತೆಗೆದಾಗ ನಮ್ಮ ಗಾಡಿ ಹೊಸದಾಗಿ ಸುಲಿದ ಮೊಟ್ಟೆಯ ಹಾಗೆ ಹೊಳೆಯುತ್ತಿತ್ತು. ಅದು ಕಾನ್ಸೆಪ್ಟ್ ಕಾರು. ಮಾರಾಟಕ್ಕೆ ಬರುವುದಿಲ್ಲ. ಮುಂದೊಂದು ದಿನ ಇಂಥ ಗಾಡಿ ಬರಬಹುದು ಎಂದು ಜನರಿಗೆ ತೋರಿಸಲು ಒಂದೇ ಒಂದನ್ನು ಮಾಡುತ್ತಾರೆ. ಪ್ರದರ್ಶನದ ವೇದಿಕೆಯ ಮೇಲೆ ಅದು ದೀಪಗಳ ಕೆಳಗೆ ನಿಧಾನವಾಗಿ ಸುತ್ತುತ್ತದೆ, ಆಮೇಲೆ ಯಾವುದಾದರೂ ಗೋದಾಮಿಗೆ ಸೇರುತ್ತದೆ. ನಾವು ಮಾಡಿದ್ದು ಹಳ್ಳಿಯಲ್ಲಿ ಕೂಲಿಗೆ ಹೋಗುವ ಹೆಂಗಸರಿಗಾಗಿ, ಬ್ಯಾಟರಿಯಿಂದ ಓಡುವ ಎಂಟು ಸೀಟಿನ ಗಾಡಿ. ಹೊರಮೈಯ ವಿನ್ಯಾಸ ನನ್ನದು. ಪ್ರದರ್ಶನಕ್ಕೆ ಇಪ್ಪತ್ತಾರು ದಿನ ಉಳಿದಿತ್ತು. ಅಲ್ಲಿ ತೋರಿಸಲು ಎರಡು ನಿಮಿಷದ ಚಿತ್ರವೊಂದು ಬೇಕಿತ್ತು. ಕಾಲುವೆ, ಹಸಿರು ಗದ್ದೆ, ನಾಟಿ ಮುಗಿಸಿ ಮನೆಗೆ ಹೊರಟ ಹೆಂಗಸರು, ಅವರ ನಡುವೆ ನಮ್ಮ ಗಾಡಿ. ನಾನು ಲಿಂಗಸುಗೂರಿನವಳು, ಭಾಷೆ ಗೊತ್ತು ಎಂಬ ಕಾರಣಕ್ಕೆ ಜಾಗ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಸಿಂಧನೂರು ಎಂದೆ.

ವರ್ಕ್‌ಶಾಪಿನ ಮಾಲೀಕರನ್ನು ಊರವರೆಲ್ಲ ಉಸ್ತಾದ್ ಎನ್ನುತ್ತಿದ್ದರು. ಅರವತ್ತು ದಾಟಿದವರು. ತಮ್ಮನ ಜೊತೆ ದಖ್ಖನಿ ಉರ್ದುವಿನಲ್ಲಿ, ಉಳಿದವರ ಜೊತೆ ಕನ್ನಡದಲ್ಲಿ, ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನ ರೈತರು ಬಂದರೆ ತೆಲುಗಿನಲ್ಲಿ ಮಾತಾಡುತ್ತಿದ್ದರು. ನಾನು ಅವರನ್ನು ಚಾಚಾ ಎಂದೆ. ಅವರು ಗಾಡಿಯ ಸುತ್ತ ಎರಡು ಸುತ್ತು ಬಂದು, ಬೆರಳಿನ ಗೆಣ್ಣಿನಿಂದ ಮೈಯನ್ನು ತಟ್ಟಿ ನೋಡಿದರು.

“ಇದು ಫೈಬರ್ ಏನ್ರಿ ಮೇಡಂ?”

“ಹೌದ್ರಿ ಚಾಚಾ.”

“ಭಾಳ ನಾಜೂಕ್ ಐತಿ. ಕೆನಾಲ್ ಮಗ್ಗಲದಾಗ ಒಯ್ಯೋದಾದ್ರ ನಾನೂ ಹಿಂದ ಬರ್ತೀನಿ.”

ಅವರು ಬಂದದ್ದು ನಮ್ಮ ಪುಣ್ಯ.

ಎರಡನೆಯ ದಿನ ಮಧ್ಯಾಹ್ನ ವಳಕಮದಿನ್ನಿಯ ಕಡೆಯ ಗದ್ದೆಗಳಿಗೆ ಹೋದೆವು. ಮುಕ್ಕುಂದದಿಂದ ಬಂದ ಏಳು ಜನ ಹೆಂಗಸರು ಅಲ್ಲಿ ನಾಟಿ ಹಚ್ಚುತ್ತಿದ್ದರು. ಗುಂಪಿನ ಮುಂದಾಳು ಐವತ್ತರ ಹೆಂಗಸು. ಯಾರ ಹೊಲಕ್ಕೆ ಯಾವ ದಿನ ಹೋಗಬೇಕು ಎಂದು ಮಾತಾಡಿ ಒಪ್ಪಿಸುವವರು ಅವರೇ. ಅವರ ಸೊಸೆಯೂ ಗುಂಪಿನಲ್ಲಿದ್ದಳು. ಆಕೆಗೆ ಐದು ತಿಂಗಳು.

ಕೆಲಸ ಮುಗಿಸಿ ಬದುವಿಗೆ ಬಂದ ಹೆಂಗಸರ ಮೊಣಕಾಲಿನವರೆಗೂ ಕರಿ ಕೆಸರಿತ್ತು. ನಾನು ರಿಮೋಟ್ ಕೀಲಿ ಒತ್ತಿದೆ. ಎಡಗಡೆಯ ದೊಡ್ಡ ಬಾಗಿಲು ಸದ್ದಿಲ್ಲದೆ ಹಿಂದಕ್ಕೆ ಸರಿಯಿತು. ಒಳಗೆ ಬೂದುಬಣ್ಣದ ಮೆತ್ತನೆಯ ಸೀಟುಗಳು. ಯಾರೂ ಹತ್ತಲಿಲ್ಲ.

“ಇಂಥಾ ಗಾದಿ ಮ್ಯಾಲ ನಾವ್ ಹೆಂಗ ಕೂಡೋದ್ರಿ?” ಎಂದರು ಮುಂದಾಳು.

“ಹೊಲಸಾದ್ರ ಆಗ್ಲಿ ಅಕ್ಕಾ. ತೊಳಿಯಾಕ ಬರತೈತಿ. ನಿಮಗಂತನ ಮಾಡಿದ್ದು, ಹತ್ರಿ.”

ಆಕೆ ನನ್ನ ಮುಖ ನೋಡಿದರು. “ನೀವ್ ಯಾವೂರವರ್ರಿ?”

“ಲಿಂಗಸೂರು.”

“ಹಂಗಂದ್ರ ನಮ್ಮಾಕಿನ ಬಿಡು,” ಎಂದು ಆ ಕ್ಷಣದಿಂದ ಏಕವಚನಕ್ಕೆ ಇಳಿದರು. ಆದರೂ ಹತ್ತುವ ಮುಂಚೆ ಎಲ್ಲರೂ ಕಾಲುವೆಯ ನೀರಲ್ಲಿ ಕಾಲು ತೊಳೆದುಕೊಂಡರು. ತೊಳೆದ ಕಾಲಿಗೆ ನಾಲ್ಕು ಹೆಜ್ಜೆಯಲ್ಲಿ ಮತ್ತೆ ಮಣ್ಣು ಮೆತ್ತಿತು. ಸೀಟಿಗೆ ತಾಗದ ಹಾಗೆ ಸೀರೆ ಎತ್ತಿ ಹಿಡಿದು ಅಂಚಿನಲ್ಲಿ ಕುಳಿತರು. ಚಿತ್ರೀಕರಣದವರು ನಗಲು ಹೇಳಿದರು, ನಕ್ಕರು.

ನಮ್ಮ ತಂತ್ರಜ್ಞ ಗಾಡಿ ನಡೆಸಿದ. ಕಾಲುವೆಯ ಪಕ್ಕದ ಮಣ್ಣಿನ ದಾರಿಯಲ್ಲಿ ಹಿಂದಿನ ದಿನದ ಮಳೆಯ ಹಸಿ ಇತ್ತು. ಎರಡನೆಯ ಸಲ ತಿರುಗಿಸುವಾಗ ಎಡಗಡೆಯ ಹಿಂಚಕ್ರ ಜಾರಿ ಗದ್ದೆಗೆ ನೀರು ಬಿಡುವ ಸಣ್ಣ ಕಾಲುವೆಗೆ ಇಳಿಯಿತು. ಗಾಡಿ ಎಡಕ್ಕೆ ವಾಲಿ ನಿಂತಿತು. ತಂತ್ರಜ್ಞ ಬಾಗಿಲು ತೆಗೆದು, ಚಕ್ರ ನೋಡಲು ಇಳಿದ. ಎಂಟು ಸೆಕೆಂಡಿನಲ್ಲಿ ಬಾಗಿಲು ತಾನೇ ಮುಚ್ಚಿಕೊಳ್ಳುವ ಹಾಗೆ ನಾವು ಮಾಡಿದ್ದೆವು. ಮುಚ್ಚಿಕೊಂಡಿತು. ಅಷ್ಟರಲ್ಲಿ ನೆಲದ ಕೆಳಗಿನ ವೈರುಗಳ ಜೋಡಣೆಗೆ ನೀರು ಹೊಕ್ಕು ಗಾಡಿಯ ಕರೆಂಟು ಪೂರ್ತಿ ಹೋಯಿತು.

ಕೀಲಿ ಒತ್ತಿದೆ. ಏನೂ ಆಗಲಿಲ್ಲ.

ಆ ಗಾಡಿಗೆ ಇದ್ದದ್ದು ಅದೊಂದೇ ಬಾಗಿಲು. ಕಿಟಕಿಗಳು ಇಳಿಯುತ್ತಿರಲಿಲ್ಲ, ಏಕೆಂದರೆ ಮೈಯಲ್ಲಿ ಎಲ್ಲೂ ಗೆರೆ ಕಾಣಬಾರದೆಂದು ಅವುಗಳನ್ನು ಅಂಟಿಸಿ ಬಿಟ್ಟಿದ್ದೆವು. ಒಳಗೆ ಕೈಯಿಂದ ತೆಗೆಯುವ ಹಿಡಿಕೆ ಮೊದಲಿನ ನಕ್ಷೆಯಲ್ಲಿತ್ತು. ಒಳಮೈಯ ನಯ ಕೆಡುತ್ತದೆ, ಹೇಗೂ ವೇದಿಕೆಯ ಗಾಡಿ, ಆಮೇಲೆ ನೋಡೋಣ ಎಂದು ಅದನ್ನು ತೆಗೆಸಿದವಳು ನಾನೇ. ಬಿಸಿಲು ನೇರವಾಗಿ ಗಾಜಿನ ಮಾಡಿನ ಮೇಲೆ ಬೀಳುತ್ತಿತ್ತು. ಒಳಗೆ ಏಳು ಜನ.

ಮೊದಲು ಅವರು ನಗುತ್ತಲೇ ಇದ್ದರು. ಎರಡು ನಿಮಿಷದ ನಂತರ ಒಬ್ಬಾಕೆ ಗಾಜು ಬಡಿಯಲು ಶುರು ಮಾಡಿದಳು. ತಂತ್ರಜ್ಞ ಸುತ್ತಿಗೆ ತಂದು ಹಿಂಗಾಜಿಗೆ ಹೊಡೆದ. ಅದು ಗಾಜಲ್ಲ, ಗಾಜಿನಂತೆ ಕಾಣುವ ಗಟ್ಟಿ ಪ್ಲಾಸ್ಟಿಕ್. ಸುತ್ತಿಗೆ ಪುಟಿದು ವಾಪಸ್ ಬಂತು. ಬಾಗಿಲಿನ ಹಳಿಯ ಬೋಲ್ಟುಗಳಿದ್ದದ್ದು ಕೆಳಗೆ, ಕೆಸರಿನಲ್ಲಿ ಹೂತ ಭಾಗದಲ್ಲಿ. ನಾನು ಕಿಟಕಿಯಲ್ಲಿ ಇಣುಕಿದೆ. ಒಳಗೆ ಸೊಸೆಯ ತಲೆ ಅತ್ತೆಯ ಹೆಗಲಿಗೆ ಒರಗಿದ್ದು ಮಾತ್ರ ಕಾಣುತ್ತಿತ್ತು.

ಉಸ್ತಾದ್ ತಮ್ಮ ಮೋಟಾರ್ ಸೈಕಲ್ಲಿನಿಂದ ಇಳಿದು ಬಂದು ತಂತ್ರಜ್ಞನ ಕೈ ಹಿಡಿದರು.

“ಹೊಡಿಯೋದ್ ಬಿಡಪಾ, ಅದು ಒಡಿಯಂಗಿಲ್ಲ. ಮೇಡಂ, ಈ ಗಾಜು ಯಾತರಿಂದ ಹಚ್ಚೀರಿ?”

“ಅಂಟು ಚಾಚಾ. ಲಾರಿ ಮುಂದಿನ ಗಾಜಿಗೆ ಹಚ್ತಾರಲ್ಲ, ಅದ ಕರೇ ಅಂಟು.”

“ಹಂಗಾದ್ರ ಕೊಯ್ಯಾಕ ಬರತೈತಿ.”

ಅವರು ತಮ್ಮ ಮೋಟಾರ್ ಸೈಕಲ್ಲಿನ ಕ್ಲಚ್ ವೈರನ್ನು ಬಿಚ್ಚಿ ಎಳೆದರು. ಹೊಲದ ಮಾಲೀಕರ ಶೆಡ್ಡಿನಿಂದ ಚೀಲ ಹೊಲಿಯುವ ದಬ್ಬಣ ಬಂತು. ಹಿಂಗಾಜಿನ ಮೂಲೆಯಲ್ಲಿ ಅಂಟಿನೊಳಗೆ ದಬ್ಬಣ ಚುಚ್ಚಿ ತೂತು ಮಾಡಿ, ವೈರಿನ ತುದಿಯನ್ನು ಒಳಗೆ ನೂಕಿದರು. ಈ ಕೆಲಸಕ್ಕೆ ಹೊರಗೊಬ್ಬರು, ಒಳಗೊಬ್ಬರು ಬೇಕು. ಗರಗಸದ ಹಾಗೆ ಆಚೆ ಈಚೆ ಎಳೆಯಬೇಕು. ನಾನು ಗಾಜಿಗೆ ಬಾಯಿ ಹಚ್ಚಿ ಕೂಗಿದೆ.

“ಅಕ್ಕಾ, ವಾಯರ್ ತುದಿ ಹಿಡಿ. ಕೈಗೆ ಸೆರಗು ಸುತ್ಗೊ. ನಾವ್ ಎಳದಾಗ ಸಡ್ಲ ಬಿಡು. ನಾವ್ ಬಿಟ್ಟಾಗ ನೀ ಎಳಿ.”

ಮುಂದಾಳು ಸೊಸೆಯನ್ನು ಇನ್ನೊಬ್ಬಾಕೆಯ ತೊಡೆಗೆ ಒರಗಿಸಿ ಹಿಂದಕ್ಕೆ ಬಂದರು. “ಎಳಿತೀನಿ. ಲಗೂನ ಮಾಡ್ರಿ. ಹುಡುಗಿ ಕಣ್ಣು ಮ್ಯಾಲ ಮಾಡಾಕತ್ಯಾಳ,” ಎಂದದ್ದು ಬಾವಿಯೊಳಗಿಂದ ಬಂದಂತೆ ಕೇಳಿಸಿತು.

ಉಸ್ತಾದ್ ಎಳೆದರು, ಆಕೆ ಎಳೆದರು. ಅಂಟು ರಬ್ಬರಿನ ಹಾಗೆ ಬೆರಳಷ್ಟು ಬೆರಳಷ್ಟೇ ಕೊಯ್ಯುತ್ತಾ ಬಂತು. ಕೆಳಗಿನ ಅಂಚು ಮುಗಿಯಿತು. ಮೂಲೆ ತಿರುಗುವಾಗ ವೈರು ತುಂಡಾಯಿತು. ಉಸ್ತಾದ್ ಮತ್ತೆ ದಬ್ಬಣ ಚುಚ್ಚಿ ಉಳಿದ ತುಂಡನ್ನು ಒಳಗೆ ನೂಕಿದರು. ಎರಡೂ ಪಕ್ಕ ಕೊಯ್ದ ಮೇಲೆ ಒಳಗಿನಿಂದ ನಾಲ್ಕು ಜನ ಕಾಲು ಕೊಟ್ಟು ಒದ್ದರು. ಗಾಜು ಮೇಲಕ್ಕೆ ತೆರೆದುಕೊಂಡಿತು. ಒಳಗಿನ ಬಿಸಿಗಾಳಿ ನನ್ನ ಮುಖಕ್ಕೆ ಬಡಿಯಿತು. ಮೊದಲು ಸೊಸೆಯನ್ನು ಇಳಿಸಿಕೊಂಡೆವು.

ಎಲ್ಲ ಸೇರಿ ಇಪ್ಪತ್ತು ನಿಮಿಷ ಆಗಿರಬಹುದು. ಟಂಟಂ ಆಟೋ ಒಂದರಲ್ಲಿ ಅತ್ತೆ ಸೊಸೆಯರ ಜೊತೆ ನಾನೂ ಸಿಂಧನೂರಿನ ಆಸ್ಪತ್ರೆಗೆ ಹೋದೆ. ಸಲೈನ್ ಹಚ್ಚಿದರು. ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರ ಇಟ್ಟು ಆಲಿಸುವಷ್ಟು ಹೊತ್ತು ನಾನು ಗೋಡೆ ಹಿಡಿದು ನಿಂತಿದ್ದೆ. ಆಮೇಲೆ ಅವರು ತಲೆಯೆತ್ತಿ, “ಕೂಸು ಛಲೋ ಐತಿ. ಈಕಿಗೆ ನೀರು ಕಮ್ಮಿ ಆಗಿತ್ತು, ಅಷ್ಟ,” ಎಂದರು. ನಾನು ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆ. ಅಳು ಬಂತು. ಮುಂದಾಳು ಪಕ್ಕದಲ್ಲಿ ಕುಳಿತಿದ್ದರು. ಸೆರಗು ಸುತ್ತಿದ್ದರೂ ಅವರ ಅಂಗೈಯಲ್ಲಿ ವೈರಿನ ಕೆಂಪು ಬರೆ ಎದ್ದಿತ್ತು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

“ಆ ಗಾಡಿ ನಮ್ಮನ್ನ ಕೇಳಿ ಮಾಡಿದ್ದಲ್ಲ, ಹೌದಿಲ್ಲೋ?” ಎಂದು ಕೇಳಿದರು.

“ಇಲ್ಲಕ್ಕಾ.”

“ಹೂಂ,” ಎಂದು ಎದ್ದು ಸೊಸೆಯ ಹತ್ತಿರ ಹೋದರು.

ಸಂಜೆ ನಮ್ಮ ವಿನ್ಯಾಸ ಸ್ಟುಡಿಯೋದ ಮುಖ್ಯಸ್ಥರಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಹಿಡಿಕೆ ತೆಗೆಸಿದ್ದು ನಾನೆಂಬುದನ್ನೂ ಹೇಳಿದೆ. “ಅವರೆಲ್ಲ ಹುಷಾರಾಗಿದ್ದಾರೆ ತಾನೆ? ಅದು ಮುಖ್ಯ,” ಎಂದರು. “ಒಳಗೆ ಹಿಡಿಕೆ ಹಾಕಿಸಿ. ಹಿಂಗಾಜು ಕೂರಿಸಿ. ಬಾಗಿಲು ಹಾಗೇ ಇರಲಿ. ಇಡೀ ಗಾಡಿಯ ರೂಪ ನಿಂತಿರುವುದೇ ಆ ಬಾಗಿಲಿನ ಮೇಲೆ.”

ತಪ್ಪು ಮಾತೇನಲ್ಲ. ನಾನೂ ಹಾಗೇ ಅಂದುಕೊಂಡು ಮಲಗಿದೆ.

ಮರುದಿನ ಆ ಹೆಂಗಸರು ಬಿಡುವು ಮಾಡಿಕೊಳ್ಳದೆ ಸಾಲಗುಂದದ ಕಡೆ ನಾಟಿಗೆ ಹೋಗಿದ್ದಾರೆಂದು ಗೊತ್ತಾಯಿತು. ಸೊಸೆ ಮಾತ್ರ ಮನೆಯಲ್ಲಿದ್ದಳು. ಕೆಲಸ ಬಿಡುವ ಹೊತ್ತಿಗೆ ನಾನೂ ಅಲ್ಲಿಗೆ ಹೋದೆ. ಅವರನ್ನು ಕರೆದೊಯ್ಯಲು ಖಾಲಿ ಟ್ರೇಲರ್ ಬಂದಿತ್ತು. ಆರು ಜನರೂ ಟ್ರೇಲರಿನ ಅಂಚಿಗೆ ಬೆನ್ನು ಕೊಟ್ಟು ಒಮ್ಮೆ ಮೇಲಕ್ಕೆ ಜಿಗಿದು, ಕಾಲು ಹೊರಗೆ ಇಳಿಬಿಟ್ಟು ಕುಳಿತರು. ಯಾರೂ ಕಾಲು ತೊಳೆಯಲಿಲ್ಲ. ಗಾಳಿಗೆ ಕೆಸರು ತಾನೇ ಒಣಗಿ ಉದುರುತ್ತಿತ್ತು. ಬುತ್ತಿಯ ಗಂಟು ಮಗ್ಗುಲಲ್ಲಿ. ನಾನೂ ಹತ್ತಿ ಮುಂದಾಳುವಿನ ಪಕ್ಕ ಕುಳಿತೆ.

“ಒಳಗ್ಯಾಕ ಕೂಡಂಗಿಲ್ಲಕ್ಕಾ? ಬೀಳತೀರಿ.”

“ಒಳಗ ಕುಂತ್ರ ಮೊಣಕಾಲು ಮಡಚಬೇಕು. ಮುಂಜಾನಿಂದ ಬಗ್ಗಿದ ನಡಾ ಇದು. ಕಾಲು ಇಳಿಬಿಟ್ರನ ಹಗುರಾಕ್ಕೈತಿ,” ಎಂದರು. ಸ್ವಲ್ಪ ತಡೆದು, “ಬೀಳೋ ಅಂಜಿಕಿ ಐತಿ. ಹೋದ ವರ್ಷ ಒಬ್ಬಾಕಿ ಬಿದ್ದು ಕೈ ಮುರಕೊಂಡ್ಲು,” ಎಂದರು.

ಗಾಡಿಯ ಭವಿಷ್ಯದ ಬಗ್ಗೆ ನಾವು ಸ್ಟುಡಿಯೋದಲ್ಲಿ ಮಾತಾಡುವಾಗಲೆಲ್ಲ ಗಾಡಿ ಹೇಗೆ ತೆರೆಯುತ್ತದೆ, ಹೇಗೆ ಮುಚ್ಚುತ್ತದೆ ಎಂಬುದೇ ಮುಖ್ಯವಾಗಿರುತ್ತಿತ್ತು. ದುಡಿದು ಬಂದ ಮೈ ಹೇಗೆ ಕುಳಿತುಕೊಳ್ಳಲು ಬಯಸುತ್ತದೆ ಎಂದು ಒಬ್ಬರೂ ಕೇಳಿರಲಿಲ್ಲ.

ವರ್ಕ್‌ಶಾಪಿಗೆ ಬಂದು ನೆಲದ ಮೇಲೆ ಸೀಮೆಸುಣ್ಣದಿಂದ ಗಾಡಿಯನ್ನು ಪೂರ್ತಿ ಅಳತೆಯಲ್ಲಿ ಬರೆದೆ. ನಡುವೆ ಉದ್ದಕ್ಕೆ ಒಂದು ಬೆಂಚು. ಬೆನ್ನಿಗೆ ಬೆನ್ನು ಕೊಟ್ಟು ಎರಡೂ ಕಡೆ ಹೊರಮುಖವಾಗಿ ಕೂರುವುದು. ಕಾಲಿಗೆ ಜಾಲರಿಯ ಪಾವಟಿಗೆ, ಕೆಸರು ಕೆಳಕ್ಕೆ ಬೀಳಲಿ. ಪಾವಟಿಗೆ ಚಕ್ರದ ಅಂಚಿನಿಂದ ಒಳಗೇ ಇರಬೇಕು, ಎದುರಿನ ಗಾಡಿ ಕಾಲಿಗೆ ತಾಗಬಾರದು. ತೊಡೆಯ ಮೇಲೆ ಇಳಿಯುವ ಒಂದು ಅಡ್ಡಪಟ್ಟಿ, ಎತ್ತಿದರೆ ಏಳಬೇಕು, ಬಿಟ್ಟರೆ ತನ್ನ ಭಾರಕ್ಕೆ ತಾನೇ ಕೂರಬೇಕು. ಮೋಟರು ಬೇಡ, ಬಟನ್ನು ಬೇಡ. ಮಳೆಗೆ ಸುರುಳಿ ಬಿಚ್ಚುವ ತಾಡಪತ್ರಿ. ಬಾಗಿಲು ಇಲ್ಲ.

ಉಸ್ತಾದ್ ಬಗ್ಗಿ ನೋಡಿದರು. “ಕಟ್ಟೋದು ಕಟ್ತೀನಿ ಮೇಡಂ. ನಿಮ್ಮ ಸಾಹೇಬ್ರು ಹೂಂ ಅಂದಾರೇನ್ರಿ?”

ಅಂದಿರಲಿಲ್ಲ. ಮರುದಿನ ಬೆಳಿಗ್ಗೆ ಕೇಳಿದೆ. ಮುಖ್ಯಸ್ಥರು ಬೇಡವೆಂದರು. ಒಂಬತ್ತು ತಿಂಗಳ ಕೆಲಸ ಹಾಳಾಗುತ್ತದೆ ಎಂದರು. “ಸರ್, ಬಾಗಿಲು ಇಟ್ಟುಕೊಂಡು ಪ್ರದರ್ಶನಕ್ಕೆ ಹೋಗುವುದಾದರೆ ಅದರ ಮೇಲೆ ನನ್ನ ಹೆಸರು ಬೇಡ. ಕೆಲಸದಿಂದ ತೆಗೆದರೂ ಸರಿ. ಆ ಏಳು ಜನ ಈ ಗಾಡಿಗೆ ಮತ್ತೆ ಹತ್ತುವುದಿಲ್ಲ. ಹತ್ತದ ಗಾಡಿಯನ್ನು ಅವರಿಗಾಗಿ ಮಾಡಿದ್ದೇವೆ ಎಂದು ನಾನು ಹೇಳಲಾರೆ,” ಎಂದೆ. ಕೊನೆಗೆ ಅವರು, “ಹತ್ತು ದಿನ ಕೊಡುತ್ತೇನೆ. ನಾನೇ ಬಂದು ನೋಡುತ್ತೇನೆ. ಸರಿಹೋಗದಿದ್ದರೆ ಗಾಡಿ ಬಿಟ್ಟು ಅದರ ಚಿತ್ರಗಳನ್ನಷ್ಟೇ ಪ್ರದರ್ಶನಕ್ಕೆ ಇಡೋಣ,” ಎಂದರು.

ಗ್ರೈಂಡರ್ ಹಿಡಿದು ಫೈಬರ್ ಮೈಗೆ ಮೊದಲ ಗಾಯ ನಾನೇ ಮಾಡಿದೆ. ಬೇರೆಯವರ ಕೈಯಲ್ಲಿ ಕೊಯ್ಯಿಸಲು ಮನಸ್ಸು ಬರಲಿಲ್ಲ.

ನಾಲ್ಕು ದಿನಕ್ಕೆ ಗಾಡಿ ಎರಡೂ ಕಡೆ ತೆರೆದುಕೊಂಡಿತು. ನೋಡಲು ಚೆನ್ನಾಗಿತ್ತು. ಏಳು ಜನರ ಭಾರಕ್ಕೆ ಅಕ್ಕಿ ಚೀಲ ಹೇರಿ ಮಸ್ಕಿಯ ಕಡೆಗೆ ಹೊರಟೆವು. ಮಸ್ಕಿಯ ಗುಡ್ಡ ಕಾಣುವಷ್ಟು ಹತ್ತಿರ ಬಂದಾಗ ಒಂದು ರಸ್ತೆಯುಬ್ಬಿನ ಮೇಲೆ ಟಪ್ಪೆಂದು ಸದ್ದಾಯಿತು. ಮುಂಗಾಜಿನ ಅಂಟು ಕೆಳಮೂಲೆಯಲ್ಲಿ ಬಿಟ್ಟುಕೊಂಡಿತ್ತು. ಇಳಿದು ನೋಡಿದರೆ ಮಾಡು ಹೊತ್ತ ಮುಂದಿನ ಉಕ್ಕಿನ ಕಂಬದ ಬುಡದ ವೆಲ್ಡಿಂಗ್ ಸೀಳಿತ್ತು. ಬಾಗಿಲಿನ ಕೆಳಗಿನ ಅಗಲ ಪಟ್ಟಿಯೇ ಗಾಡಿಗೆ ಬಲ ಕೊಡುತ್ತಿತ್ತು. ಅದನ್ನು ಕತ್ತರಿಸಿದ ಮೇಲೆ ಇಡೀ ಗಾಡಿ ನಡುವೆ ಬಾಗುತ್ತಿತ್ತು. ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತೆ. ಹತ್ತು ದಿನದಲ್ಲಿ ಆರು ಉಳಿದಿದ್ದವು. ಮುಖ್ಯಸ್ಥರ ಮಾತೇ ಸರಿ ಇತ್ತೇನೋ ಅನ್ನಿಸಿತು.

ಉಸ್ತಾದ್ ಕೈ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕುಳಿತರು. ಮೊದಲ ಸಲ ಮೇಡಂ ಎನ್ನಲಿಲ್ಲ.

“ಬೇಟಿ, ನೀ ಅಂಚಿನ್ಯಾಗ ತಾಕತ್ ಹುಡುಕಾಕತ್ತಿ. ನಾ ನಲವತ್ತು ವರ್ಷ ಟ್ರೇಲರ್ ಕಟ್ಟೀನಿ. ಟ್ರೇಲರಿಗೆ ಬಾಗಲಾ ಎಲ್ಲೈತಿ? ಅದರ ತಾಕತ್ ನಡಬರ್ಕಿನ ಉದ್ದನ ಕಬ್ಬಿಣದಾಗ ಐತಿ.”

“ನಡಬರ್ಕ ಬ್ಯಾಟರಿ ಐತಲ್ಲ ಚಾಚಾ?”

“ಇರ್ಲಿ. ಒಂದು ಕಬ್ಬಿಣದ ಪೆಟ್ಟಿಗಿನ ಬೆನ್ನೆಲುಬು ಮಾಡೋಣು. ಬ್ಯಾಟರಿ ಅದರ ಹೊಟ್ಟ್ಯಾಗ ಕೂಡ್ಲಿ. ಮ್ಯಾಲ ನಿನ್ನ ಬೆಂಚು.”

ನಾನು ಬ್ಯಾಟರಿಯನ್ನು ನೆಲದಡಿ ಹಾಸಿ, ಅದರ ಮೇಲೆ ಬೆಂಚು ಬರೆದಿದ್ದೆ. ಅವರು ಅವೆರಡನ್ನೂ ಒಂದೇ ಮಾಡಿದರು. ಮುಂದಿನಿಂದ ಹಿಂದಿನವರೆಗೆ ಒಂದೇ ಉದ್ದದ ಉಕ್ಕಿನ ಪೆಟ್ಟಿಗೆ. ಬ್ಯಾಟರಿ ನೆಲದಿಂದ ಮೇಲೆದ್ದು ಅದರೊಳಗೆ ಹೋಯಿತು, ನೀರಿನ ಭಯವೂ ಹೋಯಿತು. ನೆಲದಡಿಯ ಜಾಗ ಖಾಲಿಯಾದದ್ದರಿಂದ ಪಾವಟಿಗೆಯನ್ನು ಒಂದು ಗೇಣು ಕೆಳಗಿಳಿಸಬಹುದಾಯಿತು. ಈಗ ಜಿಗಿಯುವ ಅಗತ್ಯವೇ ಇಲ್ಲ. ಹಿಂದೆ ಸರಿದು ಕುಳಿತರೆ ಸಾಕು. ಅದನ್ನು ಕಟ್ಟಿದ ಐದು ದಿನ ಉಸ್ತಾದರ ಮನೆಯಿಂದಲೇ ಊಟ ಬರುತ್ತಿತ್ತು. ವೈರುಗಳ ಜೋಡಣೆಯನ್ನೆಲ್ಲ ತಂತ್ರಜ್ಞ ಹೊಸದಾಗಿ ಮಾಡಿದ. ಗಾಡಿ ಜಾರಿದ ದಿನದಿಂದ ಅವನು ಯಾರ ಮುಖವನ್ನೂ ನೆಟ್ಟಗೆ ನೋಡಿರಲಿಲ್ಲ. ಈಗ ಸ್ವಲ್ಪ ಸ್ವಲ್ಪ ಮಾತಾಡತೊಡಗಿದ.

ಮತ್ತೆ ಅಕ್ಕಿ ಚೀಲ ಹೇರಿದೆವು. ಈ ಸಲ ಹೊರಡುವ ಮುಂಚೆ ಗಾಡಿಯ ಉದ್ದಕ್ಕೂ ಬಿಗಿಯಾಗಿ ಒಂದು ದಾರ ಕಟ್ಟಿದೆವು. ಗಾಡಿ ಬಾಗಿದರೆ ದಾರಕ್ಕೂ ಉಕ್ಕಿಗೂ ನಡುವೆ ಸಂದು ಕಾಣುತ್ತದೆ. ಮಸ್ಕಿ ದಾಟಿದೆವು. ಲಿಂಗಸುಗೂರು ಮುಟ್ಟಿ ಗಾಡಿ ನಿಲ್ಲಿಸಿ ನೋಡಿದೆವು. ಹಿಂದಿನ ಸಲ ಕಣ್ಣಿಗೆ ಕಾಣುವಷ್ಟು ಬಾಗಿದ್ದ ಗಾಡಿ ಈಗ ಬೆಂಕಿಕಡ್ಡಿಯ ದಪ್ಪದಷ್ಟೂ ಬಾಗಿರಲಿಲ್ಲ. ಉಸ್ತಾದ್ ದಾರವನ್ನು ಬೆರಳಿನಿಂದ ಮೀಟಿ, “ಈಗ ಚಹಾ ಕುಡಿಯೋಣು,” ಎಂದರು. ನನ್ನೂರಿನ ಬಸ್ ನಿಲ್ದಾಣದ ಎದುರು ನಿಂತು ಕುಡಿದ ಆ ಚಹಾದ ಬಿಸಿ ಹೊಟ್ಟೆಗೆ ಇಳಿದದ್ದು ನನಗಿನ್ನೂ ನೆನಪಿದೆ. ಎಷ್ಟೋ ದಿನದ ಮೇಲೆ ಹಸಿವಾಯಿತು.

ಮಾರನೆಯ ದಿನ ಮುಖ್ಯಸ್ಥರು ಬಂದರು. ವರ್ಕ್‌ಶಾಪಿನಲ್ಲಿ ಗಾಡಿಯನ್ನು ನೋಡಿದರು. ಕತ್ತರಿಸಿದ ಅಂಚುಗಳಿಗೆ ಇನ್ನೂ ಬಣ್ಣ ಹಾಕಿರಲಿಲ್ಲ. “ಹೊಲಕ್ಕೆ ಹೋಗೋಣ,” ಎಂದಷ್ಟೇ ಹೇಳಿದರು.

ಹೆಂಗಸರು ಬದುವಿನ ಮೇಲೆ ಕಾಯುತ್ತಿದ್ದರು. ಬರಬೇಕೆಂದು ನಾನು ಒತ್ತಾಯಿಸಿರಲಿಲ್ಲ. ಹತ್ತಬೇಕೋ ಬೇಡವೋ ಅವರೇ ನೋಡಿ ಹೇಳಲಿ ಎಂದಿದ್ದೆ. ಮುಂದಾಳು ಮೊದಲು ಗಾಡಿಯ ಸುತ್ತ ಒಮ್ಮೆ ನಡೆದರು. ಅಡ್ಡಪಟ್ಟಿ ಎತ್ತಿದರು, ಇಳಿಸಿದರು. ಮತ್ತೆ ಎತ್ತಿದರು, ಮತ್ತೆ ಇಳಿಸಿದರು. ಬಲಗೈಯಲ್ಲಿ, ಆಮೇಲೆ ಎಡಗೈಯಲ್ಲಿ.

“ಇದಕ್ಕ ಕೀಲಿ ಇಲ್ಲ?” ಆಕೆ ನನ್ನನ್ನು ಕೇಳಿದರು.

“ಇಲ್ಲಕ್ಕಾ.”

“ಕರೆಂಟ್ ಹೋದ್ರ?”

“ಗಾಡಿ ನಿಲ್ತೈತಿ. ನೀವ್ ಪಟ್ಟಿ ಎತ್ತಿ ಇಳದ್ ಹೋಗ್ರಿ.”

ಆಕೆ ಕೆಸರುಗಾಲಿನಲ್ಲೇ ಹಿಂದಕ್ಕೆ ಸರಿದು ಕುಳಿತರು. “ಬರ್ರೇ ಹುಡಿಗ್ಯಾರ್ಯಾ, ಕೂಡ್ರಿ,” ಎಂದು ಉಳಿದವರನ್ನು ಕರೆದರು. ಸೊಸೆಯ ಜಾಗದಲ್ಲಿ ಅವಳ ವಾರಗಿತ್ತಿ ಬಂದಿದ್ದಳು. ಮೂರು ಜನ ಈ ಕಡೆ, ನಾಲ್ಕು ಜನ ಆ ಕಡೆ. ಮುಖ್ಯಸ್ಥರು ತಂತ್ರಜ್ಞನ ಪಕ್ಕ ಮುಂದೆ ಕುಳಿತರು. ನಾನು ಉಸ್ತಾದರ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಗಾಡಿಯ ಮಗ್ಗುಲಲ್ಲೇ ಹೋದೆ.

ಮುಕ್ಕುಂದದ ದಾರಿಯಲ್ಲಿ ಸ್ವಲ್ಪ ದೂರ ಅವರು ಮಾತಾಡುತ್ತಿದ್ದರು. ಆಮೇಲೆ ಮಾತು ನಿಂತಿತು. ನನಗೆ ಗಾಬರಿಯಾಗಿ ಉಸ್ತಾದರಿಗೆ ಇನ್ನೂ ಹತ್ತಿರ ಹೋಗಲು ಹೇಳಿದೆ. ಮುಂದಾಳುವಿನ ತಲೆ ಹಿಂದಕ್ಕೆ ಒರಗಿತ್ತು. ಎರಡೂ ಕೈ ಅಡ್ಡಪಟ್ಟಿಯ ಮೇಲೆ ಸಡಿಲವಾಗಿ ಬಿದ್ದಿದ್ದವು. ಬಾಯಿ ಸ್ವಲ್ಪ ತೆರೆದಿತ್ತು. ಗಾಡಿ ಕುಲುಕಿದಾಗ ಮೈ ಮುಂದಕ್ಕೆ ಬಂದು ಪಟ್ಟಿಗೆ ತಾಗಿ, ಮತ್ತೆ ಹಿಂದಕ್ಕೆ ಹೋಗುತ್ತಿತ್ತು. ಆಕೆಗೆ ಎಚ್ಚರವಾಗಲಿಲ್ಲ. ಪಕ್ಕದ ಇಬ್ಬರೂ ಕಣ್ಣು ಮುಚ್ಚಿದ್ದರು.

“ಮಲಗ್ಯಾರ,” ಎಂದರು ಉಸ್ತಾದ್, ಮೆಲ್ಲನೆ.

ಎದುರಿಗೆ ಎಮ್ಮೆಗಳ ಹಿಂಡು ಬಂತು. ತಂತ್ರಜ್ಞ ಹಾರ್ನಿಗೆ ಕೈ ಹಾಕಿದ್ದು ಕಂಡಿತು. ಮುಖ್ಯಸ್ಥರು ಹಿಂದೆ ತಿರುಗಿ ಆ ಹೆಂಗಸರನ್ನು ನೋಡಿದರು. ಆಮೇಲೆ ತಂತ್ರಜ್ಞನ ಕೈಯನ್ನು ಹಾರ್ನಿನಿಂದ ಸರಿಸಿದರು. ಎಮ್ಮೆಗಳು ತಾವಾಗಿ ದಾಟುವವರೆಗೆ ಗಾಡಿ ಕಾದು ನಿಂತಿತು.